‘ಜಮ್ಮಾ’ ಎಂದರೇನು? ಜಮಾಬಂದಿಯ ‘ಜಮಾ’ಕ್ಕೂ ಅದಕ್ಕೂ ನಂಟಿದೆಯೇ?

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕು. ಒಕ್ಕದ (ಒಂದೇ ಮೂಲದ ಕೂಡುಕುಟುಂಬದ) ಗದ್ದೆಗೆ ‘ಜಮ್ಮಾ’ ಎಂದೂ ಕಾಫಿ ತೋಟ ಇರುವ ಜಾಗಕ್ಕೆ ‘ಜಮ್ಮಾ ಬಾಣೆ’ ಎಂದೂ ಜಮಾಬಂದಿ ನಕಲಿನಲ್ಲಿ ಬರೆದಿದೆ. ಸರ್ಕಾರಕ್ಕೆ ಕಂದಾಯ ಜಮಾ ಆಗುವುದರಿಂದ ಜಮ್ಮಾ ಎಂದು ಒಬ್ಬರು ಹೇಳಿದರು, ಅರಸರು ಕೊಟ್ಟ ಇನಾಮು ಎಂದು ಇನ್ನೊಬ್ಬರು. ಸಾಲ ಕೇಳಲು ಹೋದರೆ ಬ್ಯಾಂಕಿನಲ್ಲಿ ‘ಜಮ್ಮಾ ಅಂದ್ರೆ ನಿಮ್ಮ ಸ್ವಂತದ್ದಲ್ಲ’ ಅಂದರು. ಈ ಪದದ ಮೂಲ ಯಾವುದು, ಕಾನೂನಿನಲ್ಲಿ ಅದಕ್ಕಿರುವ ಅರ್ಥ ಏನು?

ಉತ್ತರ: ನಿಮಗೆ ಸಿಕ್ಕಿದ ಮೂರು ಉತ್ತರಗಳೂ ಸರಿಯಿಲ್ಲ. ಮೂರನೆಯದು ಅರ್ಧ ಸರಿ ಎನ್ನಬಹುದು, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಮೊದಲು ಜಮಾ ಮತ್ತು ಜಮ್ಮಾ ಬೇರೆ ಮಾಡಿಕೊಳ್ಳೋಣ. ನಿಮ್ಮ ಕೈಯಲ್ಲಿರುವ ಒಂದೇ ಹಾಳೆಯಲ್ಲಿ ತಲೆಯ ಮೇಲೆ ‘ಜಮಾಬಂದಿ’, ಒಳಗೆ ‘ಜಮ್ಮಾ’ ಇರುವುದರಿಂದ ಎರಡೂ ಒಂದೇ ಅನ್ನಿಸುವುದು ಸಹಜ. ಆದರೆ ಒಂದು ಅರಬ್ಬಿ, ಇನ್ನೊಂದು ಸಂಸ್ಕೃತದ ಕಡೆಯದು. ಅರಬ್ಬಿಯ ‘ಜಮ್ಅ’ ಎಂದರೆ ಕೂಡಿಸುವುದು, ಒಟ್ಟು ಮಾಡುವುದು. ಶುಕ್ರವಾರದ ‘ಜುಮ್ಮಾ’, ಊರಿನ ‘ಜಮಾತು’, ಹಳೇ ಪಡೆಯ ‘ಜಮಾದಾರ’, ಅಂಗಡಿ ಲೆಕ್ಕದ ‘ಜಮಾ-ಖರ್ಚು’, ಎಲ್ಲವೂ ಆ ಬೇರಿನವು. ಅದಕ್ಕೆ ಪಾರಸಿಯ ‘ಬಂದಿ’, ಅಂದರೆ ಕಟ್ಟುವುದು, ಗೊತ್ತುಪಡಿಸುವುದು ಸೇರಿದಾಗ ‘ಜಮಾಬಂದಿ’: ಇಷ್ಟು ಕಂದಾಯ ಬರಬೇಕು ಎಂದು ಒಟ್ಟು ಲೆಕ್ಕ ಗೊತ್ತುಪಡಿಸಿದ್ದು. ಬೇರೆ ಜಿಲ್ಲೆಗಳಲ್ಲಿ ಜಮಾಬಂದಿ ಎಂದರೆ ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಮಾಡುವ ಕಲಾಪ. ಕೊಡಗಿನಲ್ಲಿ ಹಿಡುವಳಿಯ ದಾಖಲೆಗೇ ಆ ಹೆಸರು ಅಂಟಿಕೊಂಡಿದೆ, ಹಾಗಾಗಿ ಗೊಂದಲವೂ ನಮ್ಮಲ್ಲೇ ಹೆಚ್ಚು.

ಇದೇ ಸಾಲಿಗೆ ಇನ್ನೆರಡು ಪದ ಸೇರಿಸಿಬಿಡುತ್ತೇನೆ, ಜನ ಇವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ‘ಜಮೀನು’ ಪಾರಸಿಯ ಪದ, ನೆಲ ಎಂದಷ್ಟೇ ಅರ್ಥ. ‘ಜಾಮೀನು’ ಅರಬ್ಬಿಯದು, ಹೊಣೆ ನಿಲ್ಲುವವನು ಎಂದು ಅರ್ಥ. ಜಮೀನು ಅಡ ಇಟ್ಟು ಜಾಮೀನು ಕೊಡುವ ರೂಢಿ ಇದೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಲಿಲ್ಲ.

ಈಗ ಜಮ್ಮಾ. ಇದು ‘ಜನ್ಮ’. ಪ್ರಾಕೃತದಲ್ಲಿ ಈ ಪದ ‘ಜಮ್ಮ’ ಎಂದೇ ಆಗಿತ್ತು. ‘ನ್ಮ’ ಒತ್ತು ‘ಮ್ಮ’ ಆಗುವುದು ನಮಗೆ ಹೊಸತಲ್ಲ. ಬೇಲಿ ಬದಿಯ ಉಮ್ಮತ್ತಿ ಗಿಡವನ್ನೇ ನೋಡಿ, ಅದು ಸಂಸ್ಕೃತದ ‘ಉನ್ಮತ್ತ’. ಆದರೆ ಕನ್ನಡದ ಆಡುಮಾತಿನಲ್ಲಿ ಜನ್ಮ ಸಾಮಾನ್ಯವಾಗಿ ‘ಜನುಮ’ ಆಗುತ್ತದೆ. ನಾವು ‘ಏಳೇಳು ಜನುಮ’ ಅನ್ನುತ್ತೇವೆ, ‘ಏಳೇಳು ಜಮ್ಮ’ ಅನ್ನುವುದಿಲ್ಲ. ನೆಲದ ಹಕ್ಕಿಗೆ ಜನ್ಮದ ಹೆಸರಿಡುವ ಪದ್ಧತಿ ಹಳೇ ಮೈಸೂರಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ ಇರಲಿಲ್ಲ. ಅದು ಇದ್ದದ್ದು ನಮ್ಮ ಪಕ್ಕದ ಮಲಬಾರಿನಲ್ಲಿ. ಅಲ್ಲಿ ನೆಲದ ಹಕ್ಕು ‘ಜನ್ಮಂ’, ಅದನ್ನು ಹೊಂದಿದವನು ‘ಜನ್ಮಿ’. ನೀಲಗಿರಿಯ ಗುಡಲೂರಿನಲ್ಲೂ ಅದೇ ಪದವಿತ್ತು, ಅದನ್ನು ರದ್ದು ಮಾಡಲು ತಮಿಳುನಾಡು 1969ರಲ್ಲಿ ‘ಗುಡಲೂರು ಜನ್ಮಂ’ ಹೆಸರಿನದೇ ಒಂದು ಕಾಯ್ದೆ ತರಬೇಕಾಯಿತು. ಪದ, ಅರ್ಥ, ನೆಲದ ಸಂದರ್ಭ ಮೂರೂ ಹೊಂದುವುದರಿಂದ ಜಮ್ಮಾ ಘಟ್ಟದ ಆ ಬದಿಯ ಬಳಕೆಯ ನೆಂಟ ಎಂದು ತಿಳಿಯುವುದೇ ಸರಿ. ಕೊನೆಯ ದೀರ್ಘ ಕಚೇರಿ ಬರವಣಿಗೆಯ ರೂಢಿ ಅಷ್ಟೇ. ‘ಜಮ್ಮ’ ಎಂದು ಬರೆದರೂ ತಪ್ಪಿಲ್ಲ.

ಹಾಗಾದರೆ ‘ಜನ್ಮ’ ಎಂದು ನೆಲಕ್ಕೆ ಯಾಕೆ ಹೆಸರು? ಇಲ್ಲಿಯೇ ಎಲ್ಲ ಜಗಳದ ಬೇರು ಇರುವುದು. ಈ ಪದ ‘ನೆಲ ಯಾರದು’ ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ‘ನೆಲ ಹೇಗೆ ಬಂತು’ ಎಂಬುದಕ್ಕೆ ಉತ್ತರ ಕೊಡುತ್ತದೆ: ಹುಟ್ಟಿನಿಂದ ಬಂತು, ಒಕ್ಕದಲ್ಲಿ ಹುಟ್ಟಿದ್ದರಿಂದ ಬಂತು. ಮಲಬಾರಿನ ಕಲೆಕ್ಟರ್ ಆಗಿದ್ದ ವಿಲಿಯಂ ಲೋಗನ್ 19ನೇ ಶತಮಾನದಲ್ಲೇ ಇಂಥದ್ದೇ ವಾದ ಮಾಡಿದ್ದರು. ಜನ್ಮಂ ಎಂದರೆ ಯುರೋಪಿನವರು ಹೇಳುವ ಸಂಪೂರ್ಣ ಒಡೆತನ ಎಂದು ಕಂಪನಿಯ ಅಧಿಕಾರಿಗಳು ತಪ್ಪಾಗಿ ಓದಿದರು ಎಂಬುದು ಅವರ ಆಕ್ಷೇಪ. ಅಲ್ಲಿ ತಪ್ಪು ಓದಿನಿಂದ ಜನ್ಮಿ ಪೂರ್ತಿ ಒಡೆಯನಾದ. ಕೊಡಗಿನಲ್ಲಿ ಅದೇ ಪದ ಉಲ್ಟಾ ತಿರುಗಿತು: ಇಲ್ಲಿ ಜಮ್ಮಾದವನನ್ನು ಒಡೆಯನೇ ಅಲ್ಲ ಎನ್ನುವವರೆಗೆ ಹೋಯಿತು.

ಇಲ್ಲಿ ನಡೆದದ್ದು ಹೀಗೆ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಗದ್ದೆ ಹಿಡಿದ ಒಕ್ಕಕ್ಕೆ ಕಂದಾಯ ಕಡಿಮೆ. ಬದಲಿಗೆ ದುಡಿಮೆಯ ಋಣ. ಕರೆ ಬಂದಾಗ ಯುದ್ಧಕ್ಕೆ ಹೋಗಬೇಕು, ಕಾವಲು ನಿಲ್ಲಬೇಕು. ಉತ್ತರಾಧಿಕಾರ ಬದಲಾದಾಗ ನಜರಾಣೆ ಒಪ್ಪಿಸಬೇಕು. ಮಾರುವಂತಿಲ್ಲ, ಅಡ ಇಡುವಂತಿಲ್ಲ. ಈ ಋಣವಿಲ್ಲದೆ ಪೂರ್ತಿ ಕಂದಾಯ ಕೊಟ್ಟು ಮಾಡುವ ನೆಲ ‘ಸಾಗು’. ಹಳೇ ಲೆಕ್ಕದಲ್ಲಿ ಗದ್ದೆಯನ್ನು ಭಟ್ಟಿಯಲ್ಲಿ ಎಣಿಸುತ್ತಿದ್ದರು. 100 ಭಟ್ಟಿಗೆ ಜಮ್ಮಾ ಆದರೆ 5 ರೂಪಾಯಿ, ಸಾಗು ಆದರೆ 10. ಅಂದರೆ 240 ಭಟ್ಟಿ ಗದ್ದೆಗೆ ಜಮ್ಮಾದವನು 12 ರೂಪಾಯಿ ಕಟ್ಟಿದರೆ, ಬೇಲಿಯ ಆಚೆ ಅಷ್ಟೇ ಗದ್ದೆ ಮಾಡುವ ಸಾಗುವಿನವನು 24 ಕಟ್ಟಬೇಕು. ಮಿಕ್ಕ 12 ರೂಪಾಯಿಯ ಬದಲು ಜಮ್ಮಾದವನು ಕೋವಿ ಹಿಡಿಯುತ್ತಿದ್ದ ಎಂದು ತಿಳಿದುಕೊಳ್ಳಿ. ‘ಅರಸರ ಇನಾಮು’ ಎಂದು ನಿಮಗೆ ಹೇಳಿದವರು ಎಡವಿದ್ದು ಇಲ್ಲಿ. ಇನಾಮು ಅಥವಾ ಉಂಬಳಿ ಮೆಚ್ಚಿ ಕೊಟ್ಟದ್ದು, ಒಬ್ಬನ ಸೇವೆಗೆ ಕೊಟ್ಟದ್ದು. ಉಂಬಳಿ ಕೊಡಗಿನ ಲೆಕ್ಕದಲ್ಲಿ ಜಮ್ಮಾದಿಂದ ಬೇರೆಯೇ ಆದ ಬಾಬತ್ತು.

1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಹಿಡಿದ ಮೇಲೂ ಜಮ್ಮಾ, ಸಾಗು, ಉಂಬಳಿಗಳನ್ನು ಹಾಗೇ ಇಟ್ಟುಕೊಂಡಿತು. ಕೊನೆಗೆ 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಶನ್ ಇವನ್ನು ಬರಹದ ಕಾನೂನಿಗೆ ತಂದಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಅಧಿನಿಯಮ ಬಂತು. ಆಗ ಒಂದು ವಿಚಿತ್ರ ನಡೆಯಿತು. ಆ ಅಧಿನಿಯಮದ 79ನೇ ಕಲಂ ತೆಗೆದು ನೋಡಿ: ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಮೈಸೂರು ಕಡೆಯ ಕಾನು ಮತ್ತು ಸೊಪ್ಪಿನಬೆಟ್ಟ, ಇವುಗಳ ಸಾಲಿನಲ್ಲೇ ಕೊಡಗಿನ ಜಮ್ಮಾ ಮತ್ತು ಬಾಣೆಯನ್ನೂ ಕೂರಿಸಿ, ಈ ‘ಸವಲತ್ತುಗಳು’ ಮುಂದುವರಿಯುತ್ತವೆ ಎಂದಿದೆ. ಮುಂದುವರಿಸಿದ್ದು ಒಳ್ಳೆಯದೇ. ಆದರೆ ಕುಮ್ಕಿ, ಸೊಪ್ಪಿನಬೆಟ್ಟ ಎಲ್ಲ ಸರ್ಕಾರದ ನೆಲದಲ್ಲಿ ಸೊಪ್ಪು ಸೌದೆ ತರುವ ಸವಲತ್ತು. ಜಮ್ಮಾ ಗದ್ದೆ ಹಾಗಲ್ಲ, ತಲೆತಲಾಂತರದಿಂದ ಕಂದಾಯ ಕಟ್ಟಿ ಉತ್ತ ಗದ್ದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಪೋಣಿಸಿದ್ದರಿಂದ ‘ಜಮ್ಮಾ ಬರೀ ಸವಲತ್ತು’ ಎಂಬ ಓದಿಗೆ ದಾರಿಯಾಯಿತು. ನಿಮ್ಮ ಬ್ಯಾಂಕಿನವರ ಮಾತು ಅರ್ಧ ಸರಿ ಎಂದೆನಲ್ಲ, ಅವರ ಅನುಮಾನ ಹುಟ್ಟಿದ್ದು ಇಂಥ ಸಾಲುಗಳಿಂದ. ಇದನ್ನು ಸರಿಪಡಿಸಲೆಂದೇ 2011ರಲ್ಲಿ ವಿಧಾನಮಂಡಲ ಜಮ್ಮಾ ಬಾಣೆಯ ಕುರಿತು ತಿದ್ದುಪಡಿಗೆ ಒಪ್ಪಿಗೆ ಕೊಡಬೇಕಾಯಿತು.

ಕುಮ್ಕಿಯ ಮಾತು ಬಂದದ್ದರಿಂದ ಒಂದು ಅಡ್ಡಮಾತು. ಅದು ಪಾರಸಿಯ ‘ಕುಮಕ್’, ಎಂದರೆ ನೆರವು. ವರ್ಗ ಜಮೀನಿಗೆ, ಅಂದರೆ ಒಬ್ಬರ ಖಾತೆಗೆ ಸೇರಿದ ಹಿಡುವಳಿಗೆ, ನೆರವಾಗಲಿ ಎಂದು ಅದರ ಅಂಚಿನಿಂದ 100 ಗಜದವರೆಗೆ ಸೊಪ್ಪು, ಹುಲ್ಲು, ಸೌದೆಗೆ ಬಿಟ್ಟ ಜಾಗ. ಕಾಡಾನೆ ಹಿಡಿಯುವಾಗ ದುಬಾರೆಯಿಂದ ಕರೆದೊಯ್ಯುವ ಆನೆಗಳನ್ನು ಕುಮ್ಕಿ ಆನೆ ಎನ್ನುವುದೂ ಇದೇ ಪದದಿಂದ. ನೆರವಿನ ನೆಲ, ನೆರವಿನ ಆನೆ.

ಕೊಡಗಿನಲ್ಲಿ ಕುಮ್ಕಿಯ ಕೆಲಸ ಮಾಡಿದ್ದು ಬಾಣೆ. ಗದ್ದೆ ಮಾಡಲು ಗೊಬ್ಬರ ಬೇಕು, ಗೊಬ್ಬರಕ್ಕೆ ದನ ಮತ್ತು ಸೊಪ್ಪು ಬೇಕು, ಐನ್‌ಮನೆಗೆ, ಅಂದರೆ ಒಕ್ಕದ ಮೂಲಮನೆಗೆ, ಮರ ಬೇಕು. ಅದಕ್ಕಾಗಿ ಗದ್ದೆಯ ವರ್ಗಕ್ಕೆ ಹೊಂದಿಸಿ, ಕಂದಾಯವಿಲ್ಲದೆ ಬಿಟ್ಟ ಕಾಡುಗುಡ್ಡವೇ ಬಾಣೆ. ಜಮ್ಮಾ ವರ್ಗಕ್ಕೆ ಸೇರಿದ್ದು ಜಮ್ಮಾ ಬಾಣೆ, ಸಾಗು ವರ್ಗಕ್ಕೆ ಸೇರಿದ್ದು ಸಾಗು ಬಾಣೆ. ಗಮನಿಸಿ, ‘ಜಮ್ಮಾ ಬಾಣೆ’ಯಲ್ಲಿ ಜಮ್ಮಾ ಎಂಬುದು ಬಾಣೆಯ ಸ್ವಂತ ಗುಣವಲ್ಲ, ಗದ್ದೆಯಿಂದ ಅಂಟಿಕೊಂಡು ಬಂದದ್ದು. ಆಮೇಲೆ ಕಾಫಿ ಬಂತು. ಸೊಪ್ಪಿಗೆ ಬಿಟ್ಟ ಗುಡ್ಡ ತೋಟವಾಯಿತು. ಇವತ್ತು ಗದ್ದೆಗಿಂತ ಬಾಣೆಗೇ ಬೆಲೆ, ಎಷ್ಟೋ ಕಡೆ ಗದ್ದೆ ಪಾಳು ಬಿದ್ದಿದೆ. ನೆರವಿನ ನೆಲವೇ ಯಜಮಾನ ಆಗಿ ಕೂತಿದೆ, ಪತ್ರದಲ್ಲಿ ಮಾತ್ರ ಹಳೇ ಹೆಸರು. ಬಾಣೆಯನ್ನು ಪೈಸಾರಿ ಜೊತೆ ಬೆರೆಸಿ ಮಾತಾಡುವವರಿದ್ದಾರೆ, ಅದೂ ತಪ್ಪು. ಪೈಸಾರಿ ಯಾರ ವರ್ಗಕ್ಕೂ ಸೇರದ ಸರ್ಕಾರಿ ಪಾಳು.

ಬಾಣೆಯ ಪತ್ರದಲ್ಲಿ ಇನ್ನೊಂದು ಪದ ಹುಡುಕಿ: ‘ರಿಡೀಮ್ಡ್’ ಅಥವಾ ‘ಅನ್‌ರಿಡೀಮ್ಡ್’. ಇದು ನೆಲದ ಮಾತಲ್ಲ, ಮರದ ಮಾತು. ಮರದ ಬೆಲೆಯನ್ನು ಹಿಂದೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದರೆ ರಿಡೀಮ್ಡ್, ಮರ ನಿಮ್ಮದು. ಕಟ್ಟದಿದ್ದರೆ ತೋಟ ನಿಮ್ಮದಾದರೂ ಅದರಲ್ಲಿರುವ ಬೀಟೆಯಂಥ ಮರ ಸರ್ಕಾರದ್ದು. ಮರದ ವ್ಯಾಪಾರಿ ಮುಂಗಡ ಕೊಟ್ಟ ಮೇಲೆ ಈ ಪದ ಕಣ್ಣಿಗೆ ಬಿದ್ದು ಪೇಚಾಡುವುದು ಪ್ರತಿ ಬೇಸಿಗೆಯ ಕತೆ. ಮುಂಗಡಕ್ಕೆ ಮೊದಲೇ ನೋಡಿಕೊಳ್ಳಿ. ರಿಡೀಮ್ಡ್ ಆಗಿದ್ದರೂ ಕಡಿಯಲು ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಜಮ್ಮಾ ಪದ ಇನ್ನೊಂದು ಕಾನೂನಿನಲ್ಲೂ ಬದುಕಿದೆ, ಅದು ಕೋವಿಯದು. ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ವಿನಾಯಿತಿ ಸಿಕ್ಕಿರುವುದು ಎರಡು ಗುಂಪಿಗೆ: ಕೊಡವ ಜನಾಂಗದವರಿಗೆ, ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ. ಎರಡನೆಯ ಗುಂಪು ಇರುವುದೇ ಜಮ್ಮಾ ಜಾತಿಯ ಹೆಸರಲ್ಲ ಎಂಬುದಕ್ಕೆ ಸಾಕ್ಷಿ. ಅರೆಭಾಷೆ ಗೌಡರು ಮೊದಲಾದವರಲ್ಲೂ ಜಮ್ಮಾ ಒಕ್ಕಗಳಿವೆ. 1861ರಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ, 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಮೇಲೆ ಹೇಳಿದ ಆ 12 ರೂಪಾಯಿಯ ನೆನಪು ಕಾನೂನಿನಲ್ಲಿ ಉಳಿದಿರುವುದು ಇಲ್ಲೊಂದೇ ಕಡೆ.

ಇನ್ನು ನಿಮ್ಮ ಸಾಲದ ವಿಷಯ. ಬ್ಯಾಂಕಿಗೆ ನಿಜವಾಗಿ ತೊಡಕಾಗುವುದು ‘ಜಮ್ಮಾ’ ಅಲ್ಲ, ಅದರ ಪಕ್ಕದ ‘ಪಟ್ಟೇದಾರ’. ಜಮ್ಮಾ ನೆಲ ಒಕ್ಕದ್ದು, ಒಬ್ಬನದ್ದಲ್ಲ. ಕಂದಾಯ ಕಟ್ಟಲು, ಸರ್ಕಾರದೊಂದಿಗೆ ವ್ಯವಹರಿಸಲು ಒಬ್ಬರ ಹೆಸರು ಬೇಕು ಎಂದು ಪಟ್ಟೇದಾರನನ್ನು ಇಟ್ಟದ್ದು. ಅವನು ಒಕ್ಕದ ಪರವಾಗಿ ನಿಂತವನು, ನೆಲಕ್ಕೆ ಒಡೆಯನಲ್ಲ. ಆದರೆ ಎರಡು ತಲೆಮಾರಿನ ಹಿಂದೆ ತೀರಿಹೋದ ಪಟ್ಟೇದಾರರ ಹೆಸರೇ ಇನ್ನೂ ಮೇಲಿನ ಸಾಲಿನಲ್ಲಿ ಕೂತಿರುತ್ತದೆ, ಕೆಳಗೆ ಹತ್ತಾರು ಜನರ ಹೆಸರು, ಯಾರಿಗೆ ಎಷ್ಟು ಎಂಬ ವಿಸ್ತೀರ್ಣವೇ ಇಲ್ಲ. ನಿಮ್ಮ ತೋಟ ಎಲ್ಲರಿಗೂ ಗೊತ್ತು, ಬೇಲಿಯೂ ಇದೆ, ಕಾಫಿ ಕೊಯ್ಯುವವರು ನೀವೇ. ಪತ್ರಕ್ಕೆ ಅದು ಗೊತ್ತಿಲ್ಲ. ಯಾವ ಬ್ಯಾಂಕೂ ಇಂಥ ನೆಲದ ಮೇಲೆ ಒಬ್ಬರಿಗೆ ಅಡಮಾನ ಸಾಲ ಕೊಡಲು ಹಿಂಜರಿಯುತ್ತದೆ, ಅದು ಸಾಗು ಆಗಿದ್ದರೂ ಅಷ್ಟೇ.

ಪಹಣಿ ತೆಗೆದುಕೊಂಡು 9ನೇ ಕಾಲಂ ನೋಡಿ. ಸ್ವಾಧೀನದಾರರ ಹೆಸರು ಮತ್ತು ವಿಸ್ತೀರ್ಣ ಅಲ್ಲಿರುತ್ತದೆ. ನಿಮ್ಮ ಹೆಸರಿನ ಮುಂದೆ ಎಕರೆ, ಸೆಂಟು ಬರೆದಿದೆಯೇ, ಅಥವಾ ಎಲ್ಲರ ಹೆಸರಿಗೂ ಕೂಡಿ ಒಂದೇ ಅಂಕಿಯೇ? 10ರಲ್ಲಿ ನೆಲ ಅವರಿಗೆ ಹೇಗೆ ಬಂತು ಎಂಬುದು ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆಯ ಸಮೇತ ಇರುತ್ತದೆ, 11ರಲ್ಲಿ ಸಾಲ ಮತ್ತು ಇತರ ಋಣ. ನಾನು ಮೇಲೆ ಹೇಳಿದ ‘ಹೇಗೆ ಬಂತು’ ಮತ್ತು ‘ಯಾರದು’ ಎಂಬ ಎರಡು ಪ್ರಶ್ನೆಗೆ ಪಹಣಿಯೇ ಎರಡು ಬೇರೆ ಕಾಲಂ ಕೊಟ್ಟಿದೆ. ಬ್ಯಾಂಕಿನಲ್ಲಿ ತೋರಿಸಬೇಕಾದದ್ದು 9ನ್ನು.

ಅಲ್ಲಿ ಜಂಟಿ ಹೆಸರಿದ್ದರೆ ಮೊದಲು ತೀರಿಹೋದವರ ಹೆಸರು ತೆಗೆಸಿ ವಾರಸುದಾರರ ಹೆಸರು ಬರಬೇಕು, ಇದೇ ಪೌತಿ ಖಾತೆ. ‘ಪೌತಿ’ ಅರಬ್ಬಿಯ ‘ಫೌತ್’, ಎಂದರೆ ಸಾವು. ಹುಟ್ಟಿನ ಹೆಸರಿನ ನೆಲಕ್ಕೆ ಸಾವಿನ ಹೆಸರಿನ ಅರ್ಜಿ ಹಾಕಬೇಕು! ಅರ್ಜಿಗೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು. ಕೊಡಗಿನ ಒಕ್ಕಗಳಲ್ಲಿ ಅಜ್ಜನ ಹೆಸರೇ ಮೊಮ್ಮಗನಿಗೆ ಇಡುವ ರೂಢಿಯಿಂದ ವಂಶವೃಕ್ಷದಲ್ಲಿ ಒಂದೇ ಹೆಸರು ಎರಡು ಮೂರು ಸಲ ಬರುತ್ತದೆ, ತಂದೆಯ ಹೆಸರು ಸೇರಿಸಿ ಬರೆಸದಿದ್ದರೆ ಅಲ್ಲೇ ಅರ್ಜಿ ನಿಲ್ಲುತ್ತದೆ. ಆಮೇಲೆ ವಿಭಾಗ. ನಿಮ್ಮ ಭಾಗ ಇಷ್ಟೇ ಎಂದು ಮೋಜಣಿ ಮಾಡಿಸಿ, ಆ ಭಾಗದ ಗಡಿ ತೋರಿಸುವ 11ಇ ನಕ್ಷೆ ಪಡೆದು, ಎಲ್ಲರೂ ಸಹಿ ಹಾಕಿ ವಿಭಾಗ ಪತ್ರ ನೋಂದಾಯಿಸಿ, ಅದರ ಮೇಲೆ ಮ್ಯುಟೇಶನ್.

ಇಲ್ಲಿ ತಪ್ಪು ನಡೆಯುವುದು ಪಾಲುಪಟ್ಟಿಯ ವಿಷಯದಲ್ಲಿ. ಹಿರಿಯರು ಐನ್‌ಮನೆಯಲ್ಲಿ ಕೂತು ಬಾಂಡ್ ಪೇಪರ್ ಮೇಲೆ ಬರೆದ ಪಾಲುಪಟ್ಟಿ ಇದೆ ಎಂದು ಅನೇಕರು ಧೈರ್ಯವಾಗಿರುತ್ತಾರೆ. ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿತ್ತು, ಅದರ ನೆನಪಿಗೆ ಈಗ ಬರೆದಿಟ್ಟಿದ್ದೇವೆ ಎಂದಿದ್ದರೆ ನೋಂದಣಿ ಕಡ್ಡಾಯವಲ್ಲ. ‘ಈ ಪತ್ರದ ಮೂಲಕ ಇಂದಿನಿಂದ ಪಾಲು ಮಾಡಿಕೊಂಡಿದ್ದೇವೆ’ ಎಂದಿದ್ದರೆ 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ನೋಂದಣಿ ಆಗಲೇಬೇಕು. ಆಗದಿದ್ದರೆ ಪಾಲಾಗಿದೆ ಎಂಬುದಕ್ಕೆ ಆ ಪತ್ರ ಪುರಾವೆ ಆಗುವುದಿಲ್ಲ. ಒಂದು ‘ಇಂದಿನಿಂದ’ ಸಾಕು ಪತ್ರ ಕೆಡಲು. ಪತ್ರ ಬರೆಯುವವರ ಹಳೇ ನಮೂನೆಯಲ್ಲಿ ಆ ಸಾಲು ಮಾಮೂಲಿ ಇರುತ್ತದೆ, ಓದಿ ಸಹಿ ಹಾಕಿ.

ವಿಭಾಗಕ್ಕೆ ಕೂತಾಗ ಹೆಣ್ಣುಮಕ್ಕಳನ್ನು ಬಿಟ್ಟು ಪತ್ರ ಮಾಡುವುದು ಇನ್ನೊಂದು ತಪ್ಪು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 4ನೇ ಕಲಂ ಅದಕ್ಕೆ ವಿರುದ್ಧವಾದ ರೂಢಿಯನ್ನು ಬದಿಗೆ ಸರಿಸುತ್ತದೆ. 2005ರ ತಿದ್ದುಪಡಿಯ ಮೇಲೆ ಅವಿಭಕ್ತ ಕುಟುಂಬದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಪದದ ಮೂಲ ಅರ್ಥ ಹಿಡಿದರೂ ಜಮ್ಮಾ ಎಂದರೆ ಹುಟ್ಟು, ಗಂಡುಹುಟ್ಟು ಎಂದು ಎಲ್ಲೂ ಇಲ್ಲ. ಅಕ್ಕತಂಗಿಯರ ಸಹಿ ಇಲ್ಲದ ವಿಭಾಗ ಪತ್ರ ತಂದರೆ ಬ್ಯಾಂಕಿನ ಪ್ಯಾನೆಲ್ ವಕೀಲರು ವಾಪಸು ಕಳಿಸುತ್ತಾರೆ, ಕಳಿಸಬೇಕು ಕೂಡ.

ಪಹಣಿಯ ನಮೂದು ಸರಿಯೆಂದೇ ಕಾನೂನು ಊಹಿಸುತ್ತದೆ, ತಪ್ಪು ಎಂದು ತೋರಿಸುವವರೆಗೆ ಮಾತ್ರ. ಭೂಕಂದಾಯ ಅಧಿನಿಯಮದ 133ನೇ ಕಲಂ ಇಷ್ಟೇ ಹೇಳುತ್ತದೆ. ಮ್ಯುಟೇಶನ್‌ನಲ್ಲಿ ಅನ್ಯಾಯವಾಗಿದ್ದರೆ 136(2)ರಡಿ ಉಪವಿಭಾಗಾಧಿಕಾರಿಗೆ ಅಪೀಲು. ಒಡೆತನವೇ ತಕರಾರಿನಲ್ಲಿದ್ದರೆ ಕಂದಾಯ ಕಚೇರಿ ಸುತ್ತಿ ಪ್ರಯೋಜನವಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ.

ಬ್ಯಾಂಕಿಗೆ ಮತ್ತೆ ಹೋಗುವಾಗ ಜಮಾಬಂದಿ ನಕಲು, ನಿಮ್ಮ ಒಬ್ಬರ ಹೆಸರಿಗೆ ವಿಸ್ತೀರ್ಣ ಬಂದ ಪಹಣಿ, ನೋಂದಾಯಿತ ವಿಭಾಗ ಪತ್ರ, ಮ್ಯುಟೇಶನ್ ಪ್ರತಿ, ಋಣಭಾರ ಪ್ರಮಾಣಪತ್ರ ಜೊತೆಗಿರಲಿ. ಹೋಗುವ ಮೊದಲು ಎಲ್ಲ ಪತ್ರದಲ್ಲೂ ಒತ್ತಕ್ಷರ ನೋಡಿಕೊಳ್ಳಿ. ಗಣಕಕ್ಕೆ ಏರಿಸುವಾಗ ಒತ್ತು ಬಿದ್ದುಹೋಗಿ ‘ಜಮಾ ಬಾಣೆ’ ಎಂದಾಗಿದ್ದರೆ, ಒಂದರಲ್ಲಿ ಜಮ್ಮಾ ಇನ್ನೊಂದರಲ್ಲಿ ಜಮಾ ಎಂದು ವಕೀಲರ ಅಭಿಪ್ರಾಯದಲ್ಲಿ ಗೆರೆ ಬೀಳುತ್ತದೆ. ಹಳೇ ಕೈಬರಹದ ಪಹಣಿಯ ದೃಢೀಕೃತ ನಕಲು ಲಗತ್ತಿಸಿ, ಬರವಣಿಗೆಯ ತಪ್ಪು ತಿದ್ದಲು ತಹಸೀಲ್ದಾರರಿಗೆ ಅರ್ಜಿ ಕೊಡಿ.